ಮೊಳೆಗೆ ದಂಡ, ಹೊಗೆಗೆ ಮಾಫಿ

ನಮ್ಮ ಮನೆಯ ಬಾಡಿಗೆ ಕರಾರಿನಲ್ಲಿ 17 ಷರತ್ತುಗಳಿವೆ. ಗೋಡೆಗೆ ಮೊಳೆ ಹೊಡೆಯಬಾರದು. ಮಾಂಸದಡುಗೆ ಮಾಡಬಾರದು. ರಾತ್ರಿ ಹತ್ತರ ಮೇಲೆ ಗಂಡಸರು ಬರಕೂಡದು. ತಾರಸಿಗೆ ಹೋಗಬಾರದು. ಖಾಲಿ ಮಾಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಲಾಗುವುದು. ನಾನು ಪಿಎಚ್‌ಡಿಗಾಗಿ ದಿನವೂ ದಾನಶಾಸನಗಳನ್ನು ಓದುವವಳು. ಅವುಗಳ ಕೊನೆಯಲ್ಲಿ ಶಾಪಾಶಯ ಎಂಬ ಭಾಗ ಇರುತ್ತದೆ, ಈ ಧರ್ಮವನ್ನು ಕೆಡಿಸಿದವರಿಗೆ ಇಂಥಿಂಥ ಪಾಪ ಸುತ್ತಿಕೊಳ್ಳುತ್ತದೆ ಎಂದು. ನಮ್ಮ ಕರಾರಿನಲ್ಲಿ ದಾನವೂ ಇಲ್ಲ, ಧರ್ಮವೂ ಇಲ್ಲ, ಮೊದಲಿಂದ ಕೊನೆಯವರೆಗೆ ಶಾಪಾಶಯವೇ. ನಾವು ಮನೆಗೆ ಏನು ಮಾಡಬಾರದು ಎಂಬುದೆಲ್ಲ ಇದೆ. ಮನೆ ನಮಗೆ ಏನು ಮಾಡಬಾರದು ಎಂಬ ಬಗ್ಗೆ ಒಂದು ಸಾಲೂ ಇಲ್ಲ.

ಇದು ನನಗೆ ಹೊಳೆದದ್ದು ಕಳೆದ ಜನವರಿಯಲ್ಲಿ, ಬೆಳಗಿನ ಜಾವ ಮೂರೂವರೆಗೆ. ಬೆಂಗಳೂರಿನ 30x40 ಸೈಟಿನ ಮೂರನೇ ಮಹಡಿಯಲ್ಲಿ ನಾವು ನಾಲ್ವರು ಹುಡುಗಿಯರಿದ್ದೇವೆ. ಕೆಳಗೆ ಮೆಟ್ಟಿಲಿನಡಿ ಎಲ್ಲ ಮನೆಗಳ ಮೀಟರ್ ಬೋರ್ಡು. ಅದರ ಪಕ್ಕಕ್ಕೇ ಯುಪಿಎಸ್ ಬ್ಯಾಟರಿ, ಓನರ್ ಮನೆಯಿಂದ ಹೊರಬಿದ್ದ ಹಳೇ ಸೋಫಾ, ರದ್ದಿ ಪೇಪರಿನ ಕಟ್ಟು, ಎರಡು ಸ್ಕೂಟರು. ಅಂದು ಬೋರ್ಡಿನಲ್ಲಿ ಎಲ್ಲೋ ಕಿಡಿ ಹಾರಿ ಸೋಫಾ ಹೊಗೆಯಾಡತೊಡಗಿತು. ನಾವು ನಾಲ್ವರೂ ಗಾಢ ನಿದ್ದೆಯಲ್ಲಿದ್ದೆವು. ನಮ್ಮನ್ನು ಎಬ್ಬಿಸಿದ್ದು ಎರಡನೇ ಮಹಡಿಯ ಹುಡುಗ. ನೈಟ್ ಶಿಫ್ಟ್ ಮುಗಿಸಿ ಕ್ಯಾಬಿನಿಂದ ಇಳಿದವನು ಗೇಟಿನ ಹತ್ತಿರವೇ ಹೊಗೆ ಕಂಡು ಫೋನ್ ಮಾಡಿದ್ದ. ಅವನ ನಂಬರ್ ನಮ್ಮ ಬಳಿ ಇದ್ದುದಾದರೂ ಟ್ಯಾಂಕರ್ ನೀರಿನ ದುಡ್ಡು ಹಂಚಿಕೊಳ್ಳಬೇಕಿತ್ತು ಎಂಬ ಕಾರಣಕ್ಕೆ.

ಬಾಗಿಲು ತೆಗೆದರೆ ಮೆಟ್ಟಿಲ ತುಂಬ ಕಪ್ಪು ಹೊಗೆ. ಮೇಲೆ ಹೋಗೋಣವೆಂದರೆ ತಾರಸಿಗೆ ಬೀಗ. ಬಾಲ್ಕನಿಗೆ ಕಬ್ಬಿಣದ ಗ್ರಿಲ್, ‘ಹೆಣ್ಣುಮಕ್ಕಳ ಸೇಫ್ಟಿ’ಗೆಂದು ಹಾಕಿಸಿದ್ದು. ಬೆಡ್‌ಶೀಟ್ ನೆನೆಸಿ ಬಾಗಿಲ ಸಂದಿಗೆ ತುರುಕಿ, ಗ್ರಿಲ್ಲಿಗೆ ಮುಖ ಒತ್ತಿಕೊಂಡು ಕೂತೆವು. ಆ ಹುಡುಗ ಅಕ್ಕಪಕ್ಕದವರನ್ನು ಕೂಗಿ ಸೇರಿಸಿ, ಮೇನ್ ಆಫ್ ಮಾಡಿ, ಎದುರು ಸೈಟಿನಲ್ಲಿ ಮನೆ ಕಟ್ಟಲು ಸುರಿದಿದ್ದ ಮರಳನ್ನೇ ತಂದು ಎರಚಿದರು. ಯಾರಿಗೂ ಏನೂ ಆಗಲಿಲ್ಲ. ಅವನಿಗೆ ಅಂದು ವಾರದ ರಜೆ ಇದ್ದಿದ್ದರೆ ಎಂಬ ಯೋಚನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಮರುದಿನ ಓನರ್ ಬಳಿ ಹೋಗಿ, ಮೆಟ್ಟಿಲಿಗೊಂದು, ಪ್ರತಿ ಮನೆಗೊಂದು ಸ್ಮೋಕ್ ಅಲಾರಾಂ ಹಾಕಿಸಿ ಅಂಕಲ್ ಎಂದೆ. “ಏನಮ್ಮಾ, ಇದೇನು ಅಮೆರಿಕಾನಾ? ಅವರದು ಮರದ ಮನೆ, ಉರಿಯುತ್ತೆ. ನಮ್ದು ಕಾಂಕ್ರೀಟು. ಒಗ್ಗರಣೆ ಹಾಕಿದ್ರೆ ಸಾಕು, ಬಡ್ಕೊಳುತ್ತೆ ಅದು. ಅಷ್ಟು ಭಯ ಇದ್ರೆ ನೀವೇ ಹಾಕಿಸ್ಕೊಳ್ಳಿ. ಆದ್ರೆ ಸೀಲಿಂಗ್‌ಗೆ ಡ್ರಿಲ್ ಮಾತ್ರ ಮಾಡ್ಬೇಡಿ” ಎಂದರು.

ಅವರು ಕೆಟ್ಟವರೇನಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುವ ಜನ. ಆದರೆ ಇದೇ ಮಾತನ್ನು ಆಮೇಲೆ ಎಷ್ಟು ಜನ ಓದುಬರಹ ಬಲ್ಲವರ ಬಾಯಲ್ಲಿ ಕೇಳಿದೆನೆಂದರೆ, ಇದಕ್ಕೆ ಉತ್ತರ ಹೇಳಲೇಬೇಕು ಅನ್ನಿಸಿದೆ.

ಕಾಂಕ್ರೀಟು ಉರಿಯುವುದಿಲ್ಲ, ನಿಜ. ಕಾಂಕ್ರೀಟಿನ ಒಳಗೆ ನಾವು ತುಂಬಿಕೊಂಡಿರುವುದು ಉರಿಯುತ್ತದೆ: ಫೋಮ್ ಹಾಸಿಗೆ, ಸೋಫಾ, ಪ್ಲಾಸ್ಟಿಕ್ಕು, ವೈರು, ಬ್ಯಾಟರಿ. ಮನೆಯೊಳಗಿನ ಬೆಂಕಿಯಲ್ಲಿ ಎಷ್ಟೋ ಜನ ಸಾಯುವುದು ಸುಟ್ಟುಕೊಂಡಲ್ಲ, ಉಸಿರಿಗೆ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಸಿಕ್ಕಿಕೊಂಡು. ಜ್ವಾಲೆ ಕೋಣೆಗೆ ಬರುವ ಮೊದಲೇ ಕೆಲಸ ಮುಗಿದಿರುತ್ತದೆ. ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಎಂದು ನಂಬುವವರಿದ್ದಾರೆ. ಆಗುವುದಿಲ್ಲ. ನಿದ್ದೆಯಲ್ಲಿ ಮೂಗು ಕಾವಲು ಕಾಯುವುದಿಲ್ಲ, ಕಿವಿ ಕಾಯುತ್ತದೆ. ಹಾಗಾಗಿಯೇ ಬೇಕಾಗಿರುವುದು ಸದ್ದು. ಕಾಂಕ್ರೀಟಿನ ಕಥೆ ಗೊತ್ತಾಗಬೇಕಾದರೆ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿಸಿಕೊಳ್ಳಬೇಕು. 2010ರ ಫೆಬ್ರವರಿ 23ರಂದು ಅಲ್ಲಿ ಮೆಟ್ಟಿಲುಗಳಲ್ಲಿ ಹೊಗೆ ತುಂಬಿಕೊಂಡು, ಜನ ಗಾಜು ಒಡೆದು ಮೇಲಿನಿಂದ ಜಿಗಿದರು. 9 ಜನ ತೀರಿಕೊಂಡರು. ಅದು ಹಾಡುಹಗಲು, ಎಲ್ಲರೂ ಎಚ್ಚರವಿದ್ದ ಹೊತ್ತು.

ಒಗ್ಗರಣೆಯ ಮಾತು ಇನ್ನೂ ಸುಲಭ. ಅಡುಗೆಮನೆಗೆ ಹಾಕುವುದು ಹೊಗೆಗೆ ಕೂಗುವ ಅಲಾರಾಂ ಅಲ್ಲ, ಶಾಖಕ್ಕೆ ಕೂಗುವ ಹೀಟ್ ಅಲಾರಾಂ. ಸಾಸಿವೆ ಸಿಡಿದರೆ, ಮೆಣಸಿನಕಾಯಿ ಘಾಟೆದ್ದರೆ ಅದು ಸುಮ್ಮನಿರುತ್ತದೆ. ಹೊಗೆಯದ್ದು ಮಲಗುವ ಕೋಣೆಗೆ, ಹಜಾರಕ್ಕೆ, ಮೆಟ್ಟಿಲಿಗೆ. ದೇವರ ಮನೆ ಪಕ್ಕ ಬೇಡ, ಸಾಂಬ್ರಾಣಿ ಹಾಕುವ ಶುಕ್ರವಾರ ಅದೂ ಹಾಡತೊಡಗುತ್ತದೆ.

‘ನೀವೇ ಹಾಕಿಸಿಕೊಳ್ಳಿ’ ಎಂಬ ಮಾತಿನಲ್ಲಿ ಮಾತ್ರ ನನಗೆ ಸಿಟ್ಟಿದೆ. ಸಾವಿರ, ಒಂದೂವರೆ ಸಾವಿರದ ವಸ್ತು, ಒಮ್ಮೆ ಹಾಕಿದರೆ ಹತ್ತು ವರ್ಷ. ನಾಲ್ವರು ಹಂಚಿಕೊಂಡರೆ ಒಂದು ಸಿನಿಮಾ ಖರ್ಚು. ಆದರೆ ನಮ್ಮ ಮನೆಯೊಳಗಿನ ಅಲಾರಾಂ ನಮ್ಮನ್ನು ಎಬ್ಬಿಸುವ ಹೊತ್ತಿಗೆ ಮೆಟ್ಟಿಲಲ್ಲಿ ಹೊಗೆ ತುಂಬಿರುತ್ತದೆ. ಮೆಟ್ಟಿಲು ನಮ್ಮದಲ್ಲ, ಮೀಟರ್ ಬೋರ್ಡು ನಮ್ಮದಲ್ಲ, ತಾರಸಿಯ ಬೀಗದಕೈ ನಮ್ಮ ಬಳಿ ಇಲ್ಲ, ಮೊಳೆ ಹೊಡೆಯುವ ಹಕ್ಕೂ ಇಲ್ಲ. ಅಪಾಯವೆಲ್ಲ ಅವರ ಜಾಗದಲ್ಲಿದೆ, ಜವಾಬ್ದಾರಿ ಮಾತ್ರ ನಮಗೆ. ಫ್ಯಾನಿಗೆ ಕೊಕ್ಕೆ, ಸ್ನಾನದ ಮನೆಗೆ ಗೀಸರ್ ಪಾಯಿಂಟ್ ಮಾಡಿಸಿ ಮನೆ ಬಾಡಿಗೆಗೆ ಕೊಡುವವರು ಇದನ್ನೂ ಮಾಡಿಸಿಯೇ ಕೊಡಬೇಕು. 11 ತಿಂಗಳಿಗೆ ಬಂದುಹೋಗುವ ನಮ್ಮ ಬೆನ್ನಿಗೆ ಅದನ್ನು ಕಟ್ಟಿದರೆ, ನಾವು ಹೋಗುವಾಗ ಬಿಚ್ಚಿಕೊಂಡು ಹೋಗುತ್ತೇವೆ, ಮುಂದೆ ಬಂದವರು ಮತ್ತೆ ಅದೃಷ್ಟ ನಂಬಿ ಮಲಗಬೇಕು.

ಇಂಗ್ಲೆಂಡಿನಲ್ಲಿ ಓದುತ್ತಿರುವ ಗೆಳತಿಗೆ ಇದೆಲ್ಲ ಹೇಳಿದೆ. “ಇಲ್ಲಿ ಮನೆ ಬೀಗ ಕೊಡೋ ದಿನಾನೇ ಬಂದು ಬಟನ್ ಒತ್ತಿ ಕೂಗಿಸಿ ತೋರಿಸ್ತಾರೆ ಕಣೇ” ಎಂದಳು. ಸೌಜನ್ಯಕ್ಕೆ ತೋರಿಸುವುದಲ್ಲ ಅದು. 2015ರ ಅಕ್ಟೋಬರ್ 1ರಿಂದ ಅಲ್ಲಿ ಬಾಡಿಗೆ ಮನೆಯ ಪ್ರತಿ ಅಂತಸ್ತಿನಲ್ಲಿ ಒಂದಾದರೂ ಸ್ಮೋಕ್ ಅಲಾರಾಂ ಇರಬೇಕು, ಬಾಡಿಗೆ ಶುರುವಾಗುವ ದಿನ ಅದು ಕೆಲಸ ಮಾಡುತ್ತದೆಯೇ ಎಂದು ನೋಡಬೇಕು, ತಪ್ಪಿದರೆ 5,000 ಪೌಂಡಿನವರೆಗೆ ದಂಡ. ಅವರೇನೂ ಹುಟ್ಟಾ ಜಾಣರಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2011ರಲ್ಲಿ ಸ್ಲ್ಯಾಕ್ಸ್ ಕ್ರೀಕ್ ಎಂಬಲ್ಲಿ ಒಂದೇ ಮನೆಯಲ್ಲಿ 11 ಜನ ಬೆಂಕಿಗೆ ಬಲಿಯಾದ ಮೇಲೆ ಕಾನೂನು ಬಿಗಿಯಾಯಿತು. 2022ರಿಂದ ಅಲ್ಲಿನ ಬಾಡಿಗೆ ಮನೆಗಳಲ್ಲಿ ಮಲಗುವ ಪ್ರತಿ ಕೋಣೆಯಲ್ಲೂ ಅಲಾರಾಂ ಇರಬೇಕು, ಒಂದು ಕೂಗಿದರೆ ಎಲ್ಲವೂ ಕೂಗಬೇಕು. ಎಲ್ಲರೂ ಹೆಣ ಎಣಿಸಿಯೇ ಕಲಿತದ್ದು. ನಾವು ಎಣಿಸುತ್ತಲೇ ಇದ್ದೇವೆ, ಕಲಿಯುತ್ತಿಲ್ಲ.

ಗ್ಯಾಸ್ ಗೀಸರನ್ನೇ ನೋಡಿ. ಗಾಳಿಯಾಡದ ಬಚ್ಚಲಮನೆಯಲ್ಲಿ ಗೀಸರ್ ಹಚ್ಚಿ, ಸ್ನಾನಕ್ಕೆ ಹೋದವರು ಹೊರಬರಲೇ ಇಲ್ಲ ಎಂಬ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ಮೋಕ್ ಅಲಾರಾಂ ಅದನ್ನು ಹಿಡಿಯುವುದಿಲ್ಲ, ಅದಕ್ಕೆ ಬೇರೆಯದೇ ಅಲಾರಾಂ ಬೇಕು. ಇಂಗ್ಲೆಂಡಿನಲ್ಲಿ 2022ರಿಂದ ಗ್ಯಾಸ್ ಬಾಯ್ಲರಿನಂಥವು ಇರುವ ಕೋಣೆಗೆ ಅದೂ ಕಡ್ಡಾಯ. ನಮ್ಮಲ್ಲಿ ‘ಗೀಸರ್ ದುರಂತ’ ಎಂಬ ಶೀರ್ಷಿಕೆ, ಮಾರನೇ ದಿನ ಮರೆವು.

ಕಾನೂನೇ ಇಲ್ಲವೆಂದಲ್ಲ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ತೆಗೆದು ನೋಡಿ. ನಲ್ಲಿಯ ವಾಷರ್ ಬದಲಿಸುವುದು ಬಾಡಿಗೆದಾರರ ಕೆಲಸ, ಸುಣ್ಣಬಣ್ಣ ಮಾಲೀಕರದ್ದು ಎಂದು ಅನುಸೂಚಿಯಲ್ಲಿ ಪಟ್ಟಿಯೇ ಇದೆ. ವಾಷರಿಗೆ ಸಿಕ್ಕ ಜಾಗ ಅಲಾರಾಂಗೆ ಸಿಕ್ಕಿಲ್ಲ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲೂ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಗೆ 15 ಮೀಟರ್ ದಾಟಿದರೆ ಎತ್ತರದ ಕಟ್ಟಡ, ಬೆಂಕಿಯ ಬಿಗಿ ನಿಯಮಗಳೆಲ್ಲ ಅಂಥವಕ್ಕೆ. 30x40 ಸೈಟಿನ ಮೂರು ಮಹಡಿ ಅದಕ್ಕಿಂತ ಸ್ವಲ್ಪ ಕುಳ್ಳು. ಪಿಜಿಗಳಿಗಾದರೂ 2024ರಲ್ಲಿ ಬಿಬಿಎಂಪಿ ಒಂದಿಷ್ಟು ನಿಯಮ ತಂದಿತು: ಸಿಸಿಟಿವಿ, ತಲೆಗೆ 70 ಚದರಡಿ, ದಿನಕ್ಕೆ 135 ಲೀಟರ್ ನೀರು. ನಮ್ಮಂಥ ಬಾಡಿಗೆ ಮನೆಗಳಿಗೆ ಆ ಪಟ್ಟಿಯೂ ಇಲ್ಲ.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಮೆಟ್ಟಿಲಿಗೆ ಮತ್ತು ಪ್ರತಿ ಮನೆಗೆ ಅಲಾರಾಂ ಇಲ್ಲದೆ ಬಾಡಿಗೆ ಕರಾರು ನೋಂದಣಿಯಾಗಬಾರದು, ಅದನ್ನು ಹಾಕಿಸುವುದು ಮಾಲೀಕರ ಹೊಣೆ, ಬೀಗ ಕೊಡುವ ದಿನ ಒತ್ತಿ ಕೂಗಿಸಬೇಕು. ತಾರಸಿಯ ಒಂದು ಬೀಗದಕೈ ಬಾಡಿಗೆಯವರ ಬಳಿ ಇರಬೇಕು. ಬಾಡಿಗೆ ಜಾಸ್ತಿಯಾಗುತ್ತದೆ ಎನ್ನುವವರಿಗೆ, ಅದು ಯಾವ ಅಲಾರಾಂ ಇಲ್ಲದೆಯೂ ವರ್ಷ ವರ್ಷ ಜಾಸ್ತಿಯಾಗುತ್ತಲೇ ಇದೆ.

ಮುಂದಿನ ತಿಂಗಳು ನಮ್ಮ ಕರಾರು ಮುಗಿಯುತ್ತದೆ. ಹೊಸದಕ್ಕೆ 18ನೇ ಷರತ್ತನ್ನು ನಾನೇ ಟೈಪ್ ಮಾಡಿ ಓನರ್‌ಗೆ ವಾಟ್ಸಾಪಿನಲ್ಲಿ ಕಳಿಸಿದ್ದೇನೆ. ಬ್ಲೂ ಟಿಕ್ ಬಿದ್ದು ಒಂಬತ್ತು ದಿನವಾಯಿತು. ಸೋಫಾ ಸುಟ್ಟ ಗುರುತಿಗೆ ಮಾತ್ರ ನಿನ್ನೆ ಪೇಂಟ್ ಹೊಡೆಸಿದ್ದಾರೆ.