ಬೆದುಯಿನ್ ಖಡ್ಗ: ಕೊಳ್ಳುವ ಮುನ್ನ ಕಾಗದ ನೋಡಿ

ಕೊಲ್ಲಿ ರಾಷ್ಟ್ರಗಳೊಡನೆ ನಮ್ಮ ಕರಾವಳಿಯ ವರ್ತಕರ ಸಂಬಂಧ ಹಳೆಯದು. ವ್ಯವಹಾರ ನಿಮಿತ್ತ ಅಲ್ಲಿಗೆ ತೆರಳಿದ ಉದ್ಯಮಿಗಳು ಬಿಡುವಿನ ವೇಳೆಯಲ್ಲಿ ಹಳೆಯ ಪೇಟೆಗಳಿಗೆ ಭೇಟಿ ನೀಡುವುದು, ಅಲ್ಲಿನ ಬೆಳ್ಳಿ ಕಟ್ಟಿನ ಖಡ್ಗಗಳಿಗೆ ಮನಸೋಲುವುದು ಸಹಜ. ಮರುಭೂಮಿಯ ಬೆದುಯಿನ್ ಜನರ ಖಡ್ಗವೊಂದು ಕಚೇರಿಯ ಗೋಡೆಗೆ ಶೋಭೆ ತರುವುದರಲ್ಲಿ ಸಂದೇಹವಿಲ್ಲ. ಆದರೆ ಅದು ನಿಜಕ್ಕೂ ಎಷ್ಟು ಹಳೆಯದು, ಅದನ್ನು ಕ್ರಮಬದ್ಧವಾಗಿ ಸ್ವದೇಶಕ್ಕೆ ತರುವುದು ಹೇಗೆ ಎಂಬ ಎರಡು ಪ್ರಶ್ನೆಗಳು ಹಣ ಕೊಡುವ ಮುನ್ನವೇ ಏಳಬೇಕು. ವಿಮಾನ ನಿಲ್ದಾಣದಲ್ಲಿ ಎದ್ದರೆ ಉತ್ತರ ದುಬಾರಿಯಾಗುತ್ತದೆ.

ಇಂತಹ ಖಡ್ಗಗಳು ಬಹುತೇಕ ಒಂದೇ ಕಾಲದಲ್ಲಿ, ಒಂದೇ ಕಡೆ ತಯಾರಾದವುಗಳಲ್ಲ. ಅಲಗು ಜರ್ಮನಿಯ ಜೋಲಿಂಗೆನ್ ನಗರದ್ದೋ, ಯೂರೋಪಿನ ಅಶ್ವದಳದ ಹಳೆಯ ಕತ್ತಿಯದೋ, ಪರ್ಷಿಯಾದ್ದೋ ಆಗಿರಬಹುದು. ಹಿಡಿಕೆ ಮತ್ತು ಒರೆಯನ್ನು ಅರಬ್ ಕುಶಲಕರ್ಮಿಗಳು ಅನಂತರ ಕೂಡಿಸಿರುತ್ತಾರೆ. ಆದುದರಿಂದ ಅಲಗಿನ ಮೇಲಿನ ಮುದ್ರೆಯು ಅಲಗಿನ ಕಥೆಯನ್ನು ಮಾತ್ರ ಹೇಳುತ್ತದೆ. ಹೆಸರಾಂತ ಮುದ್ರೆಗಳನ್ನು ಅನುಕರಿಸುವ ಪದ್ಧತಿಯೂ ಹಿಂದಿನಿಂದ ಇದೆ. ಭಾರತದ ಉಕ್ಕಿನ ಖಡ್ಗಕ್ಕೆ ಅರಬ್ಬಿಯಲ್ಲಿ 'ಮುಹನ್ನದ್' ಎಂಬ ಗೌರವದ ಹೆಸರಿತ್ತು. ಆ ಉಕ್ಕಿಗೆ ಇಂಗ್ಲಿಷರು ಕೊಟ್ಟ 'ವುಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಪದದಿಂದಲೇ ಬಂದುದೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಪ್ರಚಲಿತವಾಗಿದೆ. ಆದರೆ ಅಂಗಡಿಯವನು ಈ ಮಾತನ್ನಾಡಿದ ಮಾತ್ರಕ್ಕೆ ಕೈಯಲ್ಲಿರುವ ಅಲಗು ಆ ಉಕ್ಕಿನದಾಗದು.

ಖರೀದಿದಾರರು ಸಾಮಾನ್ಯವಾಗಿ ಉಪೇಕ್ಷಿಸುವ ಒರೆಯು ಹೆಚ್ಚಿನ ಸಾಕ್ಷ್ಯ ನೀಡಬಲ್ಲದು. ಮರದ ಎರಡು ತೆಳು ಸೀಳುಗಳನ್ನು ಜೋಡಿಸಿ, ಮೇಲೆ ಚರ್ಮ ಹೊದಿಸಿ, ಬೆಳ್ಳಿ ಅಥವಾ ಹಿತ್ತಾಳೆಯ ಪಟ್ಟಿ ಮತ್ತು ತೂಗುಬಳೆಗಳನ್ನು ಅಳವಡಿಸುವುದು ವಾಡಿಕೆಯ ಕ್ರಮ. ಅಲಗಿನ ಬಾಗು ಒರೆಯ ಬಾಗಿಗೆ ಹೊಂದುವುದೇ, ಹೊಲಿಗೆ ಕೈಯದೇ ಯಂತ್ರದ್ದೇ, ಬಳೆಗಳು ಬಳಕೆಯಿಂದ ಸವೆದಿವೆಯೇ ಎಂಬುದನ್ನು ಪರಿಶೀಲಿಸಬೇಕು. ಒರೆ ಬದಲಾದ ಮಾತ್ರಕ್ಕೆ ಖಡ್ಗ ನಕಲಿಯಾಗುವುದಿಲ್ಲ. ಆದರೆ ಬೆಲೆ ತಗ್ಗಬೇಕು, ಬದಲಾವಣೆ ಬಿಲ್ಲಿನಲ್ಲಿ ನಮೂದಾಗಬೇಕು. ಹಿಡಿಕೆ ದಂತದ್ದು ಅಥವಾ ಖಡ್ಗಮೃಗದ ಕೊಂಬಿನದಾದರೆ ಖರೀದಿಯನ್ನೇ ಕೈಬಿಡುವುದು ಕ್ಷೇಮ. 1973ರ 'ಸೈಟಿಸ್' ಅಂತರರಾಷ್ಟ್ರೀಯ ಒಪ್ಪಂದದಡಿ ಹಳೆಯ ವಸ್ತುವಿಗೂ ಪ್ರಮಾಣಪತ್ರ ಬೇಕಾಗುತ್ತದೆ.

ಇನ್ನು ಕಾನೂನಿನ ಸಂಗತಿ. 2016ರ ಆಯುಧ ನಿಯಮಗಳ ಪ್ರಕಾರ 9 ಅಂಗುಲಕ್ಕಿಂತ ಉದ್ದದ ಅಲಗುಳ್ಳ ಖಡ್ಗವು ಆಯುಧಗಳ ಪಟ್ಟಿಗೆ ಸೇರುತ್ತದೆ. 1959ರ ಆಯುಧ ಕಾಯ್ದೆಯ 10ನೆಯ ಕಲಂ ಆಯುಧದ ಆಮದಿಗೆ ಪರವಾನಗಿಯನ್ನು ವಿಧಿಸುತ್ತದೆ. ಅದೇ ಕಾಯ್ದೆಯ 45ನೆಯ ಕಲಂ, ಬಂದೂಕಾಗಿ ಬಳಸಲಾಗದ ಪ್ರಾಚೀನ ಮೌಲ್ಯದ ಆಯುಧಕ್ಕೆ ವಿನಾಯಿತಿ ನೀಡುತ್ತದೆ. ಸುಂಕದ ವರ್ಗೀಕರಣದಲ್ಲಿ 9307ನೆಯ ಶೀರ್ಷಿಕೆಯಡಿ ಖಡ್ಗದೊಡನೆ ಒರೆಯೂ ಸೇರಿದೆ. 100 ವರ್ಷ ಮೀರಿದ ಪ್ರಾಚೀನ ವಸ್ತುವಿಗೆ 9706ನೆಯ ಶೀರ್ಷಿಕೆ ಪ್ರತ್ಯೇಕವಾಗಿದೆ. ಅಂದರೆ ಎರಡೂ ಕಡೆ ಫಲಿತಾಂಶ ನಿರ್ಧಾರವಾಗುವುದು ವಸ್ತುವಿನ ವಯಸ್ಸಿನಿಂದ. ಅದನ್ನು ರುಜುವಾತುಪಡಿಸುವ ಹೊಣೆ ತರುವವನದು.

ಇಲ್ಲಿಯೇ ನಮ್ಮ ವರ್ತಕರು ಎಡವುವುದು. ಸುಂಕ ಉಳಿಸುವ ಆಸೆಯಿಂದ ಬಿಲ್ಲಿನಲ್ಲಿ 'ಅಲಂಕಾರಿಕ ವಸ್ತು' ಎಂದು ಅಲ್ಪ ಬೆಲೆ ಬರೆಸಿದವನು, ಅಧಿಕಾರಿಯ ಮುಂದೆ 'ಇದು 150 ವರ್ಷ ಹಳೆಯದು, ವಿನಾಯಿತಿ ಕೊಡಿ' ಎಂದು ಕೇಳಿದರೆ ನಂಬುವವರಾರು? ತನ್ನ ಬಿಲ್ಲೇ ತನಗೆ ಪ್ರತಿಸಾಕ್ಷಿ. ಒಂದೇ ಸರಕಿಗೆ ಎರಡು ಲೆಕ್ಕ ಇಡುವವನ ಗತಿ ಇಲ್ಲಿಯೂ ಅದೇ.

ಮತ್ತೊಂದು ಅಂಶವೂ ಗಮನಾರ್ಹ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯು ಕನಿಷ್ಠ 100 ವರ್ಷದ ಕಲಾಕೃತಿ, ಕುಶಲವಸ್ತುಗಳನ್ನು ಪ್ರಾಚ್ಯವಸ್ತುವೆಂದು ಪರಿಗಣಿಸಿ, ಅವುಗಳ ಖಾಸಗಿ ರಫ್ತನ್ನು ನಿಷೇಧಿಸುತ್ತದೆ. ವ್ಯಾಖ್ಯೆಯಲ್ಲಿ ತಯಾರಾದ ದೇಶದ ಪ್ರಸ್ತಾಪವಿಲ್ಲ. ಹೀಗಾಗಿ ಇಂದು ಸಂತೋಷದಿಂದ ತಂದ ಖಡ್ಗವನ್ನು ನಾಳೆ ವಿದೇಶಿ ಗ್ರಾಹಕನಿಗೆ ಮಾರಿ ಲಾಭ ಗಳಿಸುವ ಲೆಕ್ಕಾಚಾರ ತಲೆಕೆಳಗಾಗಬಹುದು. ಬಂಡವಾಳ ಹೂಡಿಕೆಯೆಂದು ಭಾವಿಸುವವರು ಇದನ್ನು ಮೊದಲೇ ಅರಿಯುವುದು ಒಳಿತು.

ಆದುದರಿಂದ ಮಾಡಬೇಕಾದುದು ಇಷ್ಟು: ಅಲಗು, ಹಿಡಿಕೆ, ಒರೆ ಮೂರರ ವಿವರ, ಅಂದಾಜು ಕಾಲ ಹಾಗೂ ನೈಜ ಬೆಲೆಯಿರುವ ಬಿಲ್ಲು, ಮಾರಾಟವಾದ ದೇಶದಿಂದ ಹೊರತರಲು ಅನುಮತಿ ಅಗತ್ಯವಿದ್ದಲ್ಲಿ ಅದರ ಪತ್ರ, ಬಿಚ್ಚಿಟ್ಟ ಸ್ಥಿತಿಯ ಛಾಯಾಚಿತ್ರಗಳು. ಖಡ್ಗವನ್ನು ಕೈಚೀಲದಲ್ಲಿ ಒಯ್ಯುವ ಪ್ರಶ್ನೆಯೇ ಇಲ್ಲ. ಸಾಮಾನಿನೊಡನೆ ತುರುಕುವುದಕ್ಕಿಂತ, ಕಸ್ಟಮ್ಸ್ ಏಜೆಂಟರನ್ನು ಮೊದಲೇ ವಿಚಾರಿಸಿ, ಘೋಷಿತ ಸರಕಾಗಿ ಕಳುಹಿಸುವುದೇ ಉತ್ತಮ ಮಾರ್ಗ. ವಾಣಿಜ್ಯ ಸಂಸ್ಥೆಗಳು ಕಸ್ಟಮ್ಸ್ ಹಾಗೂ ಪುರಾತತ್ವ ಇಲಾಖೆಯ ಅಧಿಕಾರಿಗಳನ್ನು ಒಂದೇ ವೇದಿಕೆಗೆ ಕರೆತಂದು, ಸದಸ್ಯರಿಗೆ ಈ ಕುರಿತು ಮಾಹಿತಿ ಕೊಡಿಸಬೇಕು. ಹಳೆಯ ಖಡ್ಗದ ಮೊನೆ ಮೊಂಡಾಗಿರಬಹುದು. ತಪ್ಪು ಘೋಷಣೆಯ ಮೊನೆ ಇಂದಿಗೂ ಹರಿತವಾಗಿಯೇ ಇದೆ.