ಹಿರಿಯ ಹೃದ್ರೋಗಿಗಳ ಶುಶ್ರೂಷೆ: ಆಸ್ಪತ್ರೆಯಿಂದ ಬಿಡುಗಡೆಯ ನಂತರ

70 ವರ್ಷ ಮತ್ತು ಮೇಲ್ಪಟ್ಟ ಎಲ್ಲ ನಾಗರಿಕರಿಗೆ, ಆದಾಯ ಮಿತಿಯಿಲ್ಲದೆ, ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಲು ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ನೀಡಿತು. ಕುಟುಂಬವೊಂದಕ್ಕೆ ವಾರ್ಷಿಕ 5 ಲಕ್ಷ ರೂ.ಗಳವರೆಗಿನ ಒಳರೋಗಿ ಚಿಕಿತ್ಸೆಗೆ ಇದು ಅನ್ವಯಿಸುತ್ತದೆ. ಆದರೆ ಬಿಡುಗಡೆಯ ನಂತರದ ವೆಚ್ಚವು 15 ದಿನಗಳಿಗೆ ಸೀಮಿತವಾಗಿರುತ್ತದೆ.

ಹೃದಯ ವೈಫಲ್ಯದ ಶುಶ್ರೂಷೆಯಾದರೋ ಮನೆಯಲ್ಲಿ ದೀರ್ಘಕಾಲ ನಡೆಯಬೇಕಾದುದು. ಪ್ರತಿದಿನ ಬೆಳಿಗ್ಗೆ ತೂಕ ನೋಡುವುದು, ಉಪ್ಪನ್ನು ಮಿತಗೊಳಿಸುವುದು ಹಾಗೂ ಮಾತ್ರೆಗಳನ್ನು ತಪ್ಪಿಸದಿರುವುದು ಅವಶ್ಯಕ. ಎರಡು ಮೂರು ದಿನಗಳಲ್ಲಿ ತೂಕ ಸುಮಾರು 2 ಕೆ.ಜಿ. ಹೆಚ್ಚಿದಲ್ಲಿ, ಕಾಲು ಊದಿಕೊಂಡಲ್ಲಿ ಅಥವಾ ಮಲಗಿದಾಗ ಉಸಿರುಗಟ್ಟಿದಲ್ಲಿ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಆರೈಕೆ ಕಾರ್ಯಕ್ರಮವು ಹಾಸಿಗೆ ಹಿಡಿದ ಹಿರಿಯರಿಗೆ ಮನೆ ಭೇಟಿಯ ಸೇವೆಯನ್ನು ಉದ್ದೇಶಿಸಿದೆ. ಆದುದರಿಂದ ಅರ್ಜಿದಾರರು ಬಿಡುಗಡೆ ಪತ್ರದೊಂದಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಆ 15 ದಿನಗಳೊಳಗೇ ಸಂಪರ್ಕಿಸುವುದು ಸೂಕ್ತ.