ಸಂಚಕಾರ ಕೊಡಬೇಕಾದವರು ಯಾರು?

‘ಸಂಚಕಾರ’ ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಹೊಲವೋ ಮನೆಯೋ ಜೋಡೆತ್ತೋ ವ್ಯಾಪಾರ ಕುದುರಿದಾಗ, ಕೊಳ್ಳುವವನು ಮಾತು ಗಟ್ಟಿಯಾಗಲೆಂದು ಮಾರುವವನ ಕೈಯಲ್ಲಿ ಮೊದಲಿಗೆ ಇಡುವ ಹಣ ಒಂದು. ‘ಬದುಕಿಗೆ ಸಂಚಕಾರ ಬಂತು’ ಎನ್ನುವಾಗ ನಾವು ಹೇಳುವ ಆಪತ್ತು ಇನ್ನೊಂದು. ಒಂದೇ ಪದಕ್ಕೆ ಈ ಎರಡು ಅರ್ಥಗಳು ಹೇಗೆ ಬಂದವೆಂಬುದನ್ನು ಪಂಡಿತರು ವಿಚಾರಿಸಲಿ. ನನ್ನ ಮಾತು ಇಷ್ಟೇ: ಹಣವು ಕೊಳ್ಳುವವನ ಕೈಯಿಂದ ಒಡೆಯನ ಕೈಗೆ ಹೋದರೆ ಅದು ಮೊದಲನೆಯ ಸಂಚಕಾರ, ಒಡೆಯನ ಕೈಯಿಂದ ಕೊಳ್ಳುವವನ ಕೈಗೆ ಹೋದರೆ ಅದು ಎರಡನೆಯದು.

ಇಷ್ಟು ಸರಳವಾದ ಸಂಗತಿಯನ್ನು ಹೇಳಲು ಒಂದು ಲೇಖನ ಬೇಕೇ ಎಂದು ಓದುಗ ಮಿತ್ರರು ಕೇಳಬಹುದು. ಬೇಕು. ಏಕೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾನು ಮಾತನಾಡಿಸಿದ ರೈತರಲ್ಲಿ ಆ ಸಂದೇಶ ಬಾರದವರು ವಿರಳ. ‘ನಿಮ್ಮ ಹೊಲದಲ್ಲಿ ಮೊಬೈಲ್ ಟವರ್ ಹಾಕಿಸಿರಿ. ಮುಂಗಡ ಮೂವತ್ತು ಲಕ್ಷ, ತಿಂಗಳ ಬಾಡಿಗೆ ಇಪ್ಪತ್ತೈದು ಸಾವಿರ, ಮನೆಯ ಒಬ್ಬರಿಗೆ ಕಾವಲುಗಾರನ ನೌಕರಿ.’ ಮೊತ್ತಗಳು ಹೆಚ್ಚುಕಡಿಮೆಯಾಗುತ್ತವೆ, ಧಾಟಿ ಮಾತ್ರ ಒಂದೇ. ಕರೆ ಮಾಡಿದರೆ ಸವಿಮಾತಿನವನೊಬ್ಬ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕುಗಳ ಚಿತ್ರ ಕೇಳುತ್ತಾನೆ. ಎರಡು ದಿನಗಳಲ್ಲಿ ವಾಟ್ಸಾಪ್‌ಗೆ ಪತ್ರ ಬರುತ್ತದೆ. ತಲೆಯ ಮೇಲೆ ಸಿಂಹಮುದ್ರೆ, ಕೆಳಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ‘ಟ್ರಾಯ್’ನ ಹೆಸರು, ದುಂಡನೆಯ ಮೊಹರು, ಓದಲಾಗದ ಸಹಿ. ‘ಉಪಗ್ರಹ ಸಮೀಕ್ಷೆಯಲ್ಲಿ ತಮ್ಮ ಸರ್ವೆ ನಂಬರು ಆಯ್ಕೆಯಾಗಿದೆ. ನೋಂದಣಿ ಶುಲ್ಕ ಕಟ್ಟಿರಿ.’

ಮಸ್ಕಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಮೊದಲು ಎರಡೂವರೆ ಸಾವಿರ ಕಟ್ಟಿದ. ಬಳಿಕ ಕರಾರು ಪತ್ರದ ಮುದ್ರಾಂಕ ಶುಲ್ಕವೆಂದು ಹದಿನೆಂಟು ಸಾವಿರ, ಯಂತ್ರಸಾಮಗ್ರಿಯ ವಿಮೆಯೆಂದು ಮೂವತ್ತೆರಡು ಸಾವಿರ. ಕೊನೆಗೆ, ಮೂವತ್ತು ಲಕ್ಷದ ಚೆಕ್ಕು ಸಿದ್ಧವಾಗಿದೆ, ಅದರ ತೆರಿಗೆಯನ್ನು ತಾವು ಮೊದಲೇ ಕಟ್ಟಿದರೆ ಬಿಡುಗಡೆ ಮಾಡುತ್ತೇವೆಂದು ಇನ್ನೂ ಅರವತ್ತು ಸಾವಿರ ಕೇಳಿದರು. ಹೆಂಡತಿಯ ಕೊರಳ ಸರವನ್ನು ಗಿರವಿ ಇಟ್ಟು ಅದನ್ನೂ ಕಟ್ಟಿದ. ಮರುದಿನದಿಂದ ಆ ದೂರವಾಣಿ ಮೌನವಾಯಿತು. ನನಗೆ ವಿಷಯ ತಿಳಿದದ್ದು ಐದು ತಿಂಗಳ ಮೇಲೆ. ಏಕಪ್ಪಾ ಯಾರಿಗೂ ಹೇಳಲಿಲ್ಲವೆಂದು ಕೇಳಿದರೆ, “ಮಂದಿ ನಗ್ತಾರ್ರಿ ಸರ್” ಎಂದ.

ಅವನ ಹೆದರಿಕೆ ಸುಳ್ಳಲ್ಲ. ನನ್ನ ಸಿಟ್ಟು ಇರುವುದೂ ಅಲ್ಲಿಯೇ. ವಂಚಕನ ಮೇಲೆ ಸಿಟ್ಟಾಗುವುದಕ್ಕೆ ವಿಶೇಷ ವಿವೇಕವೇನೂ ಬೇಕಿಲ್ಲ. ಆದರೆ ಮೋಸ ಹೋದವನ ಎದುರು ‘ಅತಿ ಆಸೆ ಗತಿ ಕೇಡು’ ಎಂದು ಗಾದೆ ಉದುರಿಸಿ, ಮೀಸೆಯಲ್ಲಿ ನಗುವ ಕಟ್ಟೆಯ ಪಂಡಿತರನ್ನು ಕುರಿತು ಎರಡು ಮಾತು ಆಡಲೇಬೇಕಾಗಿದೆ. ಅವರಲ್ಲಿ ಪದವೀಧರರಿದ್ದಾರೆ, ನೌಕರರಿದ್ದಾರೆ, ಬೆಂಗಳೂರಿನಿಂದ ಹಬ್ಬಕ್ಕೆ ಬಂದು ತಂದೆಯನ್ನು ಗದರಿಸುವ ಮಕ್ಕಳೂ ಇದ್ದಾರೆ.

ಮೊದಲನೆಯದಾಗಿ, ಇದು ಅತಿ ಆಸೆಯೇ? ಟವರಿಗೆ ಜಾಗ ಕೊಟ್ಟು ಬಾಡಿಗೆ ಪಡೆಯುವುದು ಕನಸಿನ ಮಾತಲ್ಲ. ಊರೂರಿನಲ್ಲಿ ನಿಂತಿರುವ ಟವರುಗಳನ್ನು ನೋಡಿರಿ, ಅನೇಕವು ಖಾಸಗಿ ಹೊಲದಲ್ಲಿ, ಖಾಸಗಿ ಮಾಳಿಗೆಯ ಮೇಲೆ ನಿಂತಿವೆ, ಅವುಗಳ ಒಡೆಯರಿಗೆ ಬಾಡಿಗೆ ಸಲ್ಲುತ್ತಿದೆ. ಪಕ್ಕದವನಿಗೆ ದೊರೆತದ್ದು ತನಗೂ ದೊರೆಯಲಿ ಎಂದು ಬಯಸುವುದು ದುರಾಸೆಯಾದರೆ, ಬಡ್ಡಿಯ ಆಸೆಗೆ ಬ್ಯಾಂಕಿನಲ್ಲಿ ಠೇವಣಿ ಇಡುವ ನಾವೆಲ್ಲರೂ ದುರಾಸೆಯವರೇ. ಇನ್ನು ನಮ್ಮ ಸೀಮೆಯ ಒಕ್ಕಲುತನವನ್ನಾದರೂ ಒಮ್ಮೆ ನೆನೆಯಬಾರದೇ? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತ ಪ್ರತಿ ವರ್ಷ ನೀರಿಗಾಗಿ ಕಾಯುತ್ತಾನೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಸಿಂಧನೂರಿನ ಭತ್ತದ ಗದ್ದೆಗಳವರಿಗೆ ನಿದ್ರೆ ಹತ್ತಲಿಲ್ಲ. ಮಸ್ಕಿಯ ಒಣಭೂಮಿಯವರು ‘5ಎ’ ಕಾಲುವೆಗಾಗಿ 2020-21ರಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತರು. ಮಳೆಯನ್ನೂ ಕಾಲುವೆಯನ್ನೂ ನಂಬಲಾಗದವನಿಗೆ ತಿಂಗಳಿಗೊಮ್ಮೆ ತಪ್ಪದೆ ಬರುವ ಹಣವೆಂದರೆ ಅದು ಆಸೆಯಲ್ಲ, ಆಸರೆ. ವಂಚಕನು ಗುರಿಯಿಡುವುದು ಆ ಆಸರೆಯ ಹಂಬಲಕ್ಕೆ.

ಎರಡನೆಯದಾಗಿ, ಇದು ಅವಿದ್ಯೆಯ ಫಲವೇ? ಹಾಗೆನ್ನುವವರು ಸ್ವಲ್ಪ ದೂರ ನೋಡಬೇಕು. ಅಮೆರಿಕದಲ್ಲಿ ‘ಟೈಂಷೇರ್’ ಎಂಬ ವ್ಯವಹಾರವೊಂದಿದೆ. ವಿಹಾರಧಾಮದ ಕೋಣೆಯೊಂದರಲ್ಲಿ ವರ್ಷಕ್ಕೊಂದು ವಾರ ತಂಗುವ ಹಕ್ಕನ್ನು ಮೊದಲೇ ದುಡ್ಡು ಕೊಟ್ಟು ಕೊಂಡಿಡುವುದು. ನಮ್ಮ ದೇಶದಲ್ಲಿಯೂ ರಜಾ ಸದಸ್ಯತ್ವದ ಹೆಸರಿನಲ್ಲಿ ಇದು ನಡೆಯುತ್ತದೆ. ವಯಸ್ಸಾದ ಮೇಲೆ ಪ್ರವಾಸ ಸಾಗದೆ, ವರ್ಷವರ್ಷದ ನಿರ್ವಹಣಾ ಶುಲ್ಕವೂ ಭಾರವಾಗಿ, ಆ ಹಕ್ಕನ್ನು ಮಾರಲೋ ಬಾಡಿಗೆಗೆ ಕೊಡಲೋ ಬಯಸುವವರಿಗೆ ಒಂದು ಕರೆ ಬರುತ್ತದೆ: ‘ನಿಮ್ಮ ವಾರವನ್ನು ಕೊಳ್ಳುವವರು ಸಿಕ್ಕಿದ್ದಾರೆ. ವರ್ಗಾವಣೆ ಶುಲ್ಕವನ್ನೂ ತೆರಿಗೆಯನ್ನೂ ಮೊದಲು ಕಟ್ಟಿರಿ.’ ಮೆಕ್ಸಿಕೋದ ವಿಹಾರಧಾಮಗಳಿಗೆ ಸಂಬಂಧಿಸಿದ ಇಂಥ ವಂಚನೆಯಲ್ಲಿ 2019ರಿಂದ 2023ರ ವರೆಗೆ ಸುಮಾರು 6,000 ಅಮೆರಿಕನ್ನರು 30 ಕೋಟಿ ಡಾಲರುಗಳ ಸಮೀಪ ಹಣ ಕಳೆದುಕೊಂಡುದಾಗಿ ದೂರಿತ್ತರೆಂದು ಅಲ್ಲಿಯ ಸರಕಾರದ ಇಲಾಖೆಗಳು 2024ರ ಜುಲೈನಲ್ಲಿ ಪ್ರಕಟಿಸಿದವು. ಇದರ ಹಿಂದೆ ಇದ್ದುದು ಮಾದಕವಸ್ತುಗಳ ಸಾಗಾಟದ ತಂಡ! ಮೋಸ ಹೋದವರಲ್ಲಿ ವಯಸ್ಸಾದವರು ಬಹಳ. ಅವರನ್ನು ಪಹಣಿ ಓದಲು ಬಾರದ ಹಳ್ಳಿಗರೆನ್ನೋಣವೇ? ಅಲ್ಲಿ ಒಂದು ವಾರದ ಕೋಣೆ, ಇಲ್ಲಿ ಎರಡು ಗುಂಟೆ ಹೊಲ. ಉಪಾಯ ಮಾತ್ರ ಒಂದೇ: ಬರಬೇಕಾದ ದೊಡ್ಡ ಹಣವನ್ನು ತೋರಿಸಿ, ಕೈಯಲ್ಲಿರುವ ಚಿಕ್ಕ ಹಣವನ್ನು ಕಸಿಯುವುದು.

ಇವರ ಲೆಕ್ಕಾಚಾರವನ್ನು ತಿಳಿಯಲು ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ನೆನೆದರೆ ಸಾಕು. ಅಲ್ಲಿ ಒಂದು ಟನ್ ಅದಿರನ್ನು ಅರೆದರೆ ಸಿಗುವುದು ಕೆಲವೇ ಗ್ರಾಂ ಬಂಗಾರ. ಆದರೂ ಗಣಿ ನಡೆಯುತ್ತದೆ. ಸಾವಿರಾರು ಸಂದೇಶ ಕಳಿಸುವವನಿಗೂ ಅಷ್ಟೇ. ಎಲ್ಲರೂ ನಂಬಬೇಕಾಗಿಲ್ಲ, ಕೆಲವರು ನಂಬಿದರೆ ಅವನ ಗಣಿ ನಡೆಯುತ್ತದೆ. ಆ ಕೆಲವರಲ್ಲಿ ನಾನಿಲ್ಲವೆಂದು ಬೀಗುವವನು, ಆ ಸಂದೇಶ ತನಗೆ ತೊಂದರೆಯ ದಿನವೊಂದರಲ್ಲಿ ಬರಲಿಲ್ಲವೆಂಬುದನ್ನು ಮರೆಯಬಾರದು.

ಹಾಗಾದರೆ ನಿಜವಾದ ಟವರಿನ ವ್ಯವಹಾರ ಹೇಗಿರುತ್ತದೆ? ಎಲ್ಲಿ ಸಂಕೇತ ದುರ್ಬಲವಾಗಿದೆ, ಎಲ್ಲಿ ಗೋಪುರ ಬೇಕು ಎಂಬುದನ್ನು ಕಂಪನಿಯ ತಂತ್ರಜ್ಞರು ನಿರ್ಧರಿಸುತ್ತಾರೆ. ಬಳಿಕ ಅವರ ಜನ ಸ್ವತಃ ಊರಿಗೆ ಬಂದು ಜಾಗ ನೋಡುತ್ತಾರೆ, ಕಾಗದಪತ್ರಗಳನ್ನು ಪರಿಶೀಲಿಸುತ್ತಾರೆ. ಸ್ಥಳೀಯ ಸಂಸ್ಥೆಯ ಅನುಮತಿಗೆ ಅರ್ಜಿ ಹಾಕುವುದು ಕಂಪನಿಯ ಕೆಲಸ, ಹೊಲದವನದಲ್ಲ. ಟವರಿಗಾಗಿ ಜಾಗವನ್ನು ಬಾಡಿಗೆ ಕೊಡುವುದರ ಮೇಲೆ ತಾನು ಯಾವ ಶುಲ್ಕವನ್ನೂ ತೆರಿಗೆಯನ್ನೂ ವಿಧಿಸುವುದಿಲ್ಲ, ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲವೆಂದು ಟ್ರಾಯ್ ಹಲವು ಸಲ ಸಾರಿದೆ. ಕಂಪನಿಗಳು ಮುಂಗಡ ಹಣ ಕೇಳುವುದಿಲ್ಲವೆಂದು ಕೇಂದ್ರದ ದೂರಸಂಪರ್ಕ ಇಲಾಖೆಯೂ ಎಚ್ಚರಿಸಿದೆ. ಪರವಾನಗಿ ಪಡೆದ ಸೇವಾಸಂಸ್ಥೆಗಳ ಮತ್ತು ನೋಂದಾಯಿತ ಟವರ್ ಕಂಪನಿಗಳ ಪಟ್ಟಿ ಆ ಇಲಾಖೆಯ ಜಾಲತಾಣದಲ್ಲಿದೆ.

‘ದಲ್ಲಾಳಿಗೆ ಕಮಿಷನ್ ಕೊಡುವುದಿಲ್ಲವೇ? ನೋಂದಣಿಗೆ ಖರ್ಚಾಗುವುದಿಲ್ಲವೇ?’ ಎಂಬುದು ನ್ಯಾಯವಾದ ಪ್ರಶ್ನೆ. ದಲ್ಲಾಳಿಯು ತನ್ನ ಪಾಲನ್ನು ವ್ಯಾಪಾರ ಮುಗಿದ ಮೇಲೆ, ಬಂದ ಹಣದಲ್ಲಿ ಮುರಿದುಕೊಳ್ಳುತ್ತಾನೆ. ಮುದ್ರಾಂಕ ಶುಲ್ಕವು ಸರಕಾರದ ಖಜಾನೆಗೆ ಹೋಗುತ್ತದೆ, ಅದಕ್ಕೆ ಚಲನ್ ಇರುತ್ತದೆ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅದನ್ನು ಕೇಳಿ ತಿಳಿಯಬಹುದು. ಯಾರೋ ಅಪರಿಚಿತನ ಉಳಿತಾಯ ಖಾತೆಗೆ ಸರಕಾರದ ಶುಲ್ಕ ಹೋಗುವುದುಂಟೇ? ಬಾಡಿಗೆಯ ಮೇಲೆ ಮೂಲದಲ್ಲಿ ಕಡಿತವಾಗುವ ತೆರಿಗೆಯೆಂದರೆ, ಅದರ ಹೆಸರೇ ಹೇಳುವಂತೆ, ಕೊಡುವವನು ಕೊಡುವ ಹಣದಲ್ಲಿಯೇ ಕಡಿದುಕೊಳ್ಳುವುದು. ಕಡಿಯಲು ಮೊದಲು ಹಣವಿರಬೇಕಲ್ಲವೇ? ಇನ್ನೂ ಬಾರದ ಹಣದ ತೆರಿಗೆಯನ್ನು ಪಡೆಯುವವನಿಂದಲೇ ಮುಂಚಿತವಾಗಿ ವಸೂಲು ಮಾಡುವ ಕ್ರಮ ಯಾವ ಕಾನೂನಿನಲ್ಲಿಯೂ ಇಲ್ಲ. ‘ಆ ಶುಲ್ಕವನ್ನು ನೀವು ಕೊಡುವ ಮುಂಗಡದಲ್ಲಿಯೇ ಮುರಿದುಕೊಳ್ಳಿರಿ’ ಎಂದು ಹೇಳಿ ನೋಡಿರಿ. ನಿಜವಾದವನು ಒಪ್ಪುತ್ತಾನೆ, ಕಳ್ಳನು ಕಾನೂನು ಹೇಳತೊಡಗುತ್ತಾನೆ.

ಮೊಹರು ಮುದ್ರೆಗಳ ವಿಚಾರದಲ್ಲಿ ಮಸ್ಕಿಯವರಿಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದ ಶಾಸನಗಳು ದೇಶದ ತುಂಬ ದೊರೆತಿದ್ದವು. ಆ ರಾಜನು ಅಶೋಕನೇ ಎಂಬುದು ನಿಸ್ಸಂದೇಹವಾದದ್ದು, 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯನ್ನು ಕಂಡು, ಅದರಲ್ಲಿ ಅವನ ಹೆಸರು ಸ್ಪಷ್ಟವಾಗಿ ಓದಿಗೆ ಬಂದ ಮೇಲೆ. ಚಕ್ರವರ್ತಿಯ ವಿಷಯದಲ್ಲಿಯೇ ವಿದ್ವಾಂಸರು ಬಿರುದನ್ನು ನೆಚ್ಚದೆ ಹೆಸರನ್ನು ಹುಡುಕಿದರು. ವಾಟ್ಸಾಪ್ ಪತ್ರದ ಸಿಂಹಮುದ್ರೆಗೆ ನಾವೇಕೆ ತಲೆಬಾಗಬೇಕು? ನೀನು ಯಾರು, ನಿನ್ನ ಕಚೇರಿ ಯಾವ ಊರಿನ ಯಾವ ಬೀದಿಯಲ್ಲಿದೆ, ನಾಳೆ ನಾನಲ್ಲಿಗೆ ಬರಲೇ ಎಂದು ಕೇಳಬೇಕು.

ನಗುವವರ ನಗೆ ಕಾಣದಂತೆ ಮಾಡುವ ಇನ್ನೂ ಕೆಲವರಿದ್ದಾರೆ. ಈ ಜಾಹೀರಾತುಗಳನ್ನು ದುಡ್ಡು ಪಡೆದು ಅಚ್ಚುಹಾಕಿ, ಮೂಲೆಯಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ ‘ಓದುಗರು ವಿಚಾರಿಸಿ ಮುಂದುವರಿಯಬೇಕು’ ಎಂದು ಕೈತೊಳೆದುಕೊಳ್ಳುವ ಪತ್ರಿಕೆಗಳು. ವಿಧವೆಯ ಪಿಂಚಣಿಯ ಖಾತೆಗೆ ಹತ್ತು ಕಾಗದ ಕೇಳುತ್ತಾ, ಕಳ್ಳನ ಹಣ ಹರಿದಾಡುವ ಬಾಡಿಗೆ ಖಾತೆಗಳನ್ನು ಮಾತ್ರ ಕಾಣದಿರುವ ಬ್ಯಾಂಕುಗಳು. ರೈತನಿಗೆ ಬುದ್ಧಿ ಹೇಳುವುದಕ್ಕೆ ಮೊದಲು ಇವರಿಗೆ ಪ್ರಶ್ನೆ ಕೇಳುವ ಧೈರ್ಯ ನಮ್ಮ ಕಟ್ಟೆಯ ಪಂಡಿತರಿಗೆ ಬರಲಿ.

ಕಾನೂನು ಸತ್ತಿಲ್ಲ. ‘ಚಾರ್‌ಸೌಬೀಸ್’ ಎಂದು ನಾವು ಬೈಗುಳವಾಗಿಸಿಕೊಂಡಿದ್ದ 1860ರ ದಂಡಸಂಹಿತೆಯ 420ನೆಯ ಕಲಮಿನ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಬಂದಿದೆ. ಕಂಪ್ಯೂಟರ್ ಮತ್ತು ಮೊಬೈಲ್ ಮೂಲಕ ಇನ್ನೊಬ್ಬರ ಸೋಗು ಹಾಕಿ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನನ್ವಯ ಮೂರು ವರ್ಷಗಳವರೆಗೆ ಸೆರೆವಾಸವೂ ಒಂದು ಲಕ್ಷದವರೆಗೆ ದಂಡವೂ ಉಂಟು. ಹಣ ಕಟ್ಟಿದುದು ಮೋಸವೆಂದು ಹೊಳೆದ ಕ್ಷಣವೇ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ಹಣ ಯಾವ ಖಾತೆಗೆ ಹೋಗಿದೆಯೋ ಅಲ್ಲಿಯೇ ಅದನ್ನು ತಡೆಹಿಡಿಯುವಂತೆ ಬ್ಯಾಂಕುಗಳಿಗೆ ತಿಳಿಸುವ ವ್ಯವಸ್ಥೆಯದು. ರಾಯಚೂರಿನಲ್ಲಿ ಸೈಬರ್ ಅಪರಾಧಗಳ ಪೊಲೀಸ್ ಠಾಣೆಯೂ ಇದೆ. ಆದರೆ ಇಲ್ಲಿ ಗಂಟೆಗಳ ಲೆಕ್ಕ. ಕಳ್ಳನು ಆ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸಿ ತೆಗೆದುಬಿಟ್ಟರೆ ತಡೆಯಲು ಏನೂ ಉಳಿಯುವುದಿಲ್ಲ. ನನ್ನ ವಿದ್ಯಾರ್ಥಿ ಐದು ತಿಂಗಳು ಸುಮ್ಮನಿದ್ದ. ಅವನ ಹಣವನ್ನು ಕಸಿದವನು ವಂಚಕ. ಅದು ಮರಳುವ ದಾರಿಯನ್ನು ಮುಚ್ಚಿದ್ದು ಮಂದಿಯ ನಗೆ.

ಕಳೆದುಕೊಂಡವರಿಗೆ ಇನ್ನೊಂದು ಕರೆ ಬರುವುದುಂಟು. ‘ನಾವು ಸೈಬರ್ ಪೊಲೀಸರು, ನಿಮ್ಮ ಹಣ ಸಿಕ್ಕಿದೆ, ಬಿಡಿಸಿಕೊಳ್ಳಲು ಇಷ್ಟು ಶುಲ್ಕ ಕಟ್ಟಿರಿ.’ ಇದೂ ಅದೇ ಗುಂಪಿನ ಎರಡನೆಯ ಬಲೆ. ಕಳೆದ ಹಣವನ್ನು ಕೊಡಿಸಲು ಪೊಲೀಸರು ಶುಲ್ಕ ಕೇಳುವುದಿಲ್ಲ.

ಆದುದರಿಂದ ಮಿತ್ರರಲ್ಲಿ ನನ್ನ ವಿನಂತಿ ಎರಡೇ. ಹೊಲವಿರಲಿ, ಮಾಳಿಗೆಯಿರಲಿ, ವಿಹಾರಧಾಮದ ವಾರವಿರಲಿ, ನಿಮ್ಮದನ್ನು ಕೊಳ್ಳುತ್ತೇನೆ ಅಥವಾ ಬಾಡಿಗೆಗೆ ಹಿಡಿಯುತ್ತೇನೆ ಎನ್ನುವವನು ನಿಮ್ಮಿಂದಲೇ ಒಂದು ರೂಪಾಯಿ ಕೇಳಿದರೂ ಮಾತು ಅಲ್ಲಿಗೇ ಮುಗಿಯಲಿ. ಇನ್ನು, ನಿಮ್ಮೂರಿನಲ್ಲಿ ಯಾರಾದರೂ ಹೀಗೆ ಹಣ ಕಳೆದುಕೊಂಡು ಬಂದರೆ ಗಾದೆ ಹೇಳಬೇಡಿರಿ. ಕೂಡಿಸಿ, ನೀರು ಕೊಟ್ಟು, ಮೊದಲು 1930ಕ್ಕೆ ಫೋನು ಹಚ್ಚಿಕೊಡಿರಿ. ಗಾದೆಗಳಿಗೆ ಆಮೇಲೂ ಸಮಯವಿರುತ್ತದೆ.